ಶ್ವಾಸಕೋಶದ ಛಾಯೆಯೂ ರೋಗಿಯ ಚೇತರಿಕೆಯೂ

(ಚಿತ್ತವಾಡ್ಗಿಯ ಭಕ್ತಸಭೆಯಲ್ಲಿ ಓದಲಾದ ಉಪನ್ಯಾಸ)



ಕಾಯವಿದ್ದರೆ ಕಾಯಕವು, ಕಾಯಕವಿದ್ದರೆ ದಾಸೋಹವು. ಆದುದರಿಂದ ಶರೀರವನ್ನು ತುಚ್ಛವೆಂದು ತಳ್ಳಿಬಿಡುವುದು ಶರಣಮಾರ್ಗಕ್ಕೆ ಒಪ್ಪತಕ್ಕ ಮಾತಲ್ಲ. ಆ ಶರೀರವನ್ನು ಕ್ಷಣಕ್ಷಣಕ್ಕೂ ನಡೆಯಿಸತಕ್ಕದ್ದು ಉಸಿರು. ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಬಲ್ಲನು, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳ ಮೇಲೆ ಇರಲಾರನು. ಇಷ್ಟು ಬೆಲೆಯುಳ್ಳ ಉಸಿರನ್ನು ಆರೋಗ್ಯವಂತನು ನೆನೆಯುವುದೇ ಇಲ್ಲ. ಅದು ಕೆಟ್ಟಾಗ ಮಾತ್ರ ಅದರ ಮಹಿಮೆಯು ತಿಳಿಯುತ್ತದೆ.

2020ನೆಯ ಇಸವಿಯ ಮಾರ್ಚ್ ತಿಂಗಳಿನ ಕೊನೆಯಲ್ಲಿ ಕೋವಿಡ್ ರೋಗವು ಹೊಸಪೇಟೆಯಲ್ಲಿ ಕಾಣಿಸಿಕೊಂಡಿತು. ಆಗ ಈ ಊರು ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ವಿಜಯನಗರ ಜಿಲ್ಲೆಯು ಹುಟ್ಟಿದ್ದು 2021ರಲ್ಲಿ. ಅದೇ 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ರೋಗವು ಎರಡನೆಯ ಸಾರಿ ಉಕ್ಕಿ ಬಂದಾಗ ಆಮ್ಲಜನಕವೆಂಬ ಶಬ್ದವು ಹಳ್ಳಿಯ ಕಟ್ಟೆಯ ಮೇಲಣ ಮಾತಾಯಿತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ದ್ರವರೂಪದ ಆಮ್ಲಜನಕವು ಟ್ಯಾಂಕರುಗಳಲ್ಲಿ ನಾಡಿನ ಬೇರೆ ಬೇರೆ ಕಡೆಗೆ ಹೋಯಿತು. ಆ ಕಾರ್ಖಾನೆಯ ಮಗ್ಗುಲಲ್ಲಿಯೇ 1000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯೂ ಎದ್ದಿತು. ಆ ದಿನಗಳಲ್ಲಿ ಬಂಧುಗಳು ರೋಗಿಯ ಕ್ಷೇಮವನ್ನು ಕೇಳುತ್ತಿದ್ದುದು ಒಂದೇ ಮಾತಿನಲ್ಲಿ: "ಸ್ಕೋರು ಎಷ್ಟು ಬಂದಿದೆ?" ಅಂಕೆಯು ದೊಡ್ಡದಾಗಿದ್ದರೆ ಮನೆಯಲ್ಲಿ ಅಳು ಎದ್ದಿತು, ಚಿಕ್ಕದಾಗಿದ್ದರೆ ಎಚ್ಚರಿಕೆಯೇ ತಪ್ಪಿತು. ಜ್ವರವು ಬಿಟ್ಟು, ರೋಗಿಯು ಮನೆಗೆ ಬಂದು, ಗಂಜಿಯನ್ನು ಕುಡಿದು ಕುಳಿತ ಮೇಲೆಯೂ ಛಾಯಾಚಿತ್ರದಲ್ಲಿ ಮಬ್ಬು ಉಳಿದುದನ್ನು ಕಂಡು ಎಷ್ಟೋ ಮಂದಿ ಎದೆಗುಂದಿದರು. ಆ ಮಬ್ಬು ಏನು, ಅದು ಎಂದಿಗೆ ಹೋಗುವುದು, ಹೋಗದಿದ್ದರೆ ಏನು, ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹೇಳುವುದೇ ಈ ಉಪನ್ಯಾಸದ ಉದ್ದೇಶವು.

ಇಂತಹ ಪುಪ್ಪುಸಜ್ವರವು ಈ ನಾಡಿಗೆ ಹೊಸದಲ್ಲ. 1918ರಲ್ಲಿ ಶೀತಜ್ವರವು, ಅಂದರೆ ಇನ್‌ಫ್ಲುಯೆಂಜವು, ಜಗತ್ತನ್ನೆಲ್ಲ ಸುತ್ತಿತು. ಭರತಖಂಡದಲ್ಲಿಯೇ ಸತ್ತವರ ಸಂಖ್ಯೆಯು ಒಂದು ಕೋಟಿಗೂ ಮಿಕ್ಕುದೆಂದು ಅಂದಾಜು ಇದೆ. ಇಂದಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆಯು 1911ರ ಗಣತಿಗಿಂತ 1921ರ ಗಣತಿಯಲ್ಲಿ ಕಡಿಮೆಯಾಗಿ ಬಂದುದಕ್ಕೆ ಆ ಜ್ವರವೇ ಮುಖ್ಯ ಕಾರಣವು. ಅಂದು ಬದುಕಿ ಉಳಿದವರ ಎದೆಯೊಳಗೆ ಏನು ನಡೆಯಿತೆಂಬುದನ್ನು ಊರಿನವರು ಯಾರೂ ನೋಡಲಿಲ್ಲ. ಕ್ಷ-ಕಿರಣವನ್ನು ಜರ್ಮನಿಯ ರಾಂಟ್‌ಗೆನ್ ಎಂಬ ವಿದ್ವಾಂಸರು 1895ರಲ್ಲಿಯೇ ಕಂಡುಹಿಡಿದಿದ್ದರೂ ಅದು ಬಡರೋಗಿಯ ಹಾಸಿಗೆಯ ಬಳಿಗೆ ಬಂದಿರಲಿಲ್ಲ. ಎದ್ದು ಓಡಾಡಿದವನು ಗುಣವಾದನು, ಏಳದವನು ಗುಣವಾಗಲಿಲ್ಲ, ಅಷ್ಟೇ ಅಂದಿನ ಲೆಕ್ಕವು.

ಮುಂದೆ 1971ರಲ್ಲಿ ಲಂಡನ್ ಪಟ್ಟಣದಲ್ಲಿ ಹೌನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಯಂತ್ರಶಾಸ್ತ್ರಜ್ಞರು ನಿರ್ಮಿಸಿದ ಸಿ.ಟಿ. ಯಂತ್ರದಿಂದ ಮೊದಲನೆಯ ರೋಗಿಯ ಚಿತ್ರವನ್ನು ತೆಗೆಯಲಾಯಿತು. ಅದಕ್ಕಾಗಿ ಅವರಿಗೂ ಕಾರ್ಮಾಕ್ ಎಂಬವರಿಗೂ 1979ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಎಕ್ಸ್‌ರೇಯು ಎದೆಯ ಮುಂದಿನದನ್ನೂ ಹಿಂದಿನದನ್ನೂ ಒಂದರ ಮೇಲೊಂದು ಇಟ್ಟಂತೆ ಒಂದೇ ಹಾಳೆಯಲ್ಲಿ ತೋರಿಸುತ್ತದೆ. ಸಿ.ಟಿ.ಯು ಹಾಗಲ್ಲ, ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ಎದೆಯನ್ನು ಪದರಪದರವಾಗಿ ಬಿಡಿಸಿ ತೋರಿಸುತ್ತದೆ. ಹೀಗೆ ಹಿಂದಿನವರಿಗೆ ಕಾಣದೆ ಇದ್ದುದು ಇಂದಿನವರಿಗೆ ಕಾಣುವಂತಾಯಿತು. ಆದರೆ ಕಾಣುವುದು ಬೇರೆ, ತಿಳಿಯುವುದು ಬೇರೆ.

ತಿಳಿಯಬೇಕಾದರೆ ಮೊದಲು ಶ್ವಾಸಕೋಶದ ರಚನೆಯನ್ನು ಅರಿಯಬೇಕು. ಬಲಗಡೆಯ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಗಡೆಯದಕ್ಕೆ ಎರಡು, ಒಟ್ಟು ಐದು. ಗಾಳಿಯ ಕೊಳವೆಯು ಮರದ ಕೊಂಬೆಗಳಂತೆ ಕವಲೊಡೆದು ಕವಲೊಡೆದು ಕಡೆಗೆ ಅತಿ ಸಣ್ಣ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಇಂತಹ ಗೂಡುಗಳು ಒಬ್ಬ ಮನುಷ್ಯನಲ್ಲಿ 30 ಕೋಟಿಗೆ ಕಡಿಮೆಯಿಲ್ಲ. ಗೂಡಿನ ಗೋಡೆಯು ಈರುಳ್ಳಿಯ ಪೊರೆಗಿಂತಲೂ ತೆಳುವು. ಅದರ ಒಂದು ಕಡೆಗೆ ಗಾಳಿ, ಇನ್ನೊಂದು ಕಡೆಗೆ ರಕ್ತ. ಆಮ್ಲಜನಕವು ಈ ಗೋಡೆಯನ್ನು ದಾಟಿ ರಕ್ತಕ್ಕೆ ಸೇರಬೇಕು. ಮಲಿನವಾಯುವು ಅದೇ ದಾರಿಯಿಂದ ಹೊರಕ್ಕೆ ಬರಬೇಕು.

ಗಾಳಿಯಿಂದ ತುಂಬಿದ ಆರೋಗ್ಯದ ಶ್ವಾಸಕೋಶವು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಗಾಳಿಯಿರಬೇಕಾದ ಸ್ಥಳದಲ್ಲಿ ನೀರೋ ಕೀವೋ ರಕ್ತಕಣವೋ ಸೇರಿದರೆ ಅಲ್ಲಿ ಬಿಳುಪು ಬೀಳುತ್ತದೆ. ವಿಷಾಣುವು ಗೂಡಿನ ಗೋಡೆಯನ್ನು ಕೆಡಿಸಿದಾಗ ಗೋಡೆಯು ಬಾತು, ರಕ್ತನಾಳದಿಂದ ದ್ರವವು ಒಸರಿ, ಗೂಡು ಅರ್ಧಂಬರ್ಧ ತುಂಬುತ್ತದೆ. ಆಗ ಕಾಣುವುದು ಉಜ್ಜಿದ ಗಾಜಿನ ಹಿಂದೆ ದೀಪವಿಟ್ಟಂತಹ ತೆಳು ಮಬ್ಬು. ಅದರೊಳಗೆ ರಕ್ತನಾಳಗಳ ಗೆರೆಗಳು ಇನ್ನೂ ತೋರುತ್ತವೆ. ರೋಗವು ಮುಂದುವರಿದಂತೆ ಆ ಮಬ್ಬಿನ ಮೇಲೆ ಬಲೆಯಂತಹ ಗೆರೆಗಳು ಮೂಡುತ್ತವೆ. ಹಂಪೆಯ ಹಳೆಯ ಬೀದಿಯಲ್ಲಿ ಒಂದೊಂದು ಅಳತೆಯ ಚಪ್ಪಡಿಗಳನ್ನು ಹಾಸಿದ ನೆಲವನ್ನು ಕಂಡವರಿಗೆ ಈ ಗೆರೆಗಳ ಸ್ವರೂಪವನ್ನು ಬೇರೆ ವಿವರಿಸಬೇಕಾಗಿಲ್ಲ. ಗೂಡುಗಳು ಪೂರ್ತಿಯಾಗಿ ತುಂಬಿಹೋದರೆ ಮಬ್ಬು ಗಟ್ಟಿಯಾಗಿ, ನಾಳಗಳ ಗೆರೆಗಳೂ ಮುಚ್ಚಿ, ಅಚ್ಚಬಿಳುಪಾಗುತ್ತದೆ. ಕೋವಿಡ್ ರೋಗದಲ್ಲಿ ಇದು ಹೆಚ್ಚಾಗಿ ಎರಡು ಪಕ್ಕಗಳಲ್ಲಿಯೂ, ಹೊರ ಅಂಚಿನಲ್ಲಿ, ಬೆನ್ನಿನ ಕಡೆಯ ಕೆಳಭಾಗದಲ್ಲಿ ಕಾಣಿಸಿತು. ರೋಗಿಗಳನ್ನು ಬೋರಲಾಗಿ ಮಲಗಿಸಿದ್ದಕ್ಕೆ ಇದೂ ಒಂದು ಕಾರಣವು: ಹಾಗೆ ಮಲಗಿದಾಗ ಬೆನ್ನಿನ ಕಡೆಯ ಗೂಡುಗಳು ಒತ್ತಡದಿಂದ ಬಿಡಿಸಿಕೊಂಡು ತೆರೆಯುತ್ತವೆ.

ಇನ್ನು ಆ ಸ್ಕೋರಿನ ವಿಚಾರ. ಐದು ಹಾಲೆಗಳಲ್ಲಿ ಒಂದೊಂದಕ್ಕೂ ಮಬ್ಬಿನ ವಿಸ್ತಾರವನ್ನು ನೋಡಿ ಸೊನ್ನೆಯಿಂದ 5ರ ತನಕ ಅಂಕವನ್ನು ಕೊಡುತ್ತಾರೆ. ಎಲ್ಲವನ್ನೂ ಕೂಡಿಸಿದರೆ 25ಕ್ಕೆ ಇಷ್ಟೆಂದು ಬರುತ್ತದೆ. ಒಂದು ಹಾಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೆಟ್ಟಿದ್ದರೆ ಅದಕ್ಕೆ 5. ಈ ಲೆಕ್ಕವು ವೈದ್ಯನಿಗೆ ಸಹಾಯಕವೇ ಹೊರತು ವಿಧಿಯ ಬರಹವಲ್ಲ. ಏಕೆಂದರೆ ಅದು ಆ ದಿನದ, ಆ ಗಳಿಗೆಯ ಚಿತ್ರವು. ನಾಲ್ಕನೆಯ ದಿನದ 8 ಅಂಕವು ಏರುತ್ತಿರುವ ಹೊಳೆಯಾಗಿರಬಹುದು. ಇಪ್ಪತ್ತನೆಯ ದಿನದ 15 ಅಂಕವು ಇಳಿಯುತ್ತಿರುವ ಹೊಳೆಯಾಗಿರಬಹುದು. ತುಂಗಭದ್ರೆಯ ನೀರನ್ನು ಅಳೆಯುವವನು ಮಟ್ಟವನ್ನು ಮಾತ್ರ ನೋಡುವುದಿಲ್ಲ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ಕೇಳುತ್ತಾನೆ.

ಈ ಏರಿಳಿತವು ಹೇಗೆ ನಡೆಯುತ್ತದೆಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಬಸವ ಕಾಲುವೆಯ ನೀರಿನಿಂದ ಕಬ್ಬನ್ನೂ ಬಾಳೆಯನ್ನೂ ಬೆಳೆಯುವ ಐವತ್ತು ವರ್ಷದ ಒಬ್ಬ ಒಕ್ಕಲಿಗನನ್ನು ಕಲ್ಪಿಸಿಕೊಳ್ಳಿರಿ. ಅವನಿಗೆ ಹೆಸರು ಬೇಡ. ಆ ವರ್ಷ ಇಂತಹವರು ಊರೂರಿನಲ್ಲಿಯೂ ಇದ್ದರು.

ಜ್ವರವು ಬಂದ ಮೊದಲ ನಾಲ್ಕು ದಿನಗಳಲ್ಲಿ ಅವನ ಚಿತ್ರವನ್ನು ತೆಗೆದರೆ ಅಲ್ಲಲ್ಲಿ ತೆಳು ಮಬ್ಬು ಮಾತ್ರ ಕಾಣಬಹುದು. ಏನೂ ಕಾಣದೆಯೂ ಇರಬಹುದು. ಐದರಿಂದ ಎಂಟನೆಯ ದಿನದವರೆಗೆ ಮಬ್ಬು ಹರಡಿ ಬಲೆಗೆರೆಗಳು ಕೂಡುತ್ತವೆ. ಒಂಬತ್ತರಿಂದ ಹದಿಮೂರನೆಯ ದಿನದವರೆಗೆ ರೋಗವು ತುದಿಗೇರುತ್ತದೆ. ಚಿತ್ರದಲ್ಲಿ ಅತ್ಯಂತ ಹೆಚ್ಚು ಬಿಳುಪು ಇರುವುದು ಸಾಮಾನ್ಯವಾಗಿ ಹತ್ತನೆಯ ದಿನದ ಸುತ್ತಮುತ್ತ. ಹದಿನಾಲ್ಕನೆಯ ದಿನದಿಂದಾಚೆಗೆ ಹೀರಿಕೆಯ ಕಾಲವು. 2020ರ ಆರಂಭದಲ್ಲಿ ಚೀನದ ವೈದ್ಯರು ಉಸಿರಾಟಕ್ಕೆ ಅತಿಯಾದ ಕಷ್ಟವಿಲ್ಲದ ರೋಗಿಗಳನ್ನು ಮತ್ತೆ ಮತ್ತೆ ಚಿತ್ರಿಸಿ ಈ ನಾಲ್ಕು ಹಂತಗಳನ್ನು ಗುರುತಿಸಿದರು. ಕಠಿಣವಾದ ರೋಗದಲ್ಲಿ ಈ ಅವಧಿಗಳೆಲ್ಲವೂ ಇನ್ನೂ ಉದ್ದವಾಗುತ್ತವೆ.

ಒಕ್ಕಲಿಗನಿಗೆ ಆಮ್ಲಜನಕವನ್ನು ಕೊಟ್ಟರು. ವೈದ್ಯರು ಡೆಕ್ಸಾಮೆಥಸೋನ್ ಎಂಬ ಔಷಧವನ್ನು ಕೊಟ್ಟರು. ಆಮ್ಲಜನಕವು ಬೇಕಾದ ರೋಗಿಗಳಲ್ಲಿ ಈ ಅಗ್ಗದ ಔಷಧವು ಮರಣವನ್ನು ಕಡಿಮೆ ಮಾಡುತ್ತದೆಂದು 2020ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ಪರೀಕ್ಷೆಯಿಂದ ಸಿದ್ಧವಾಗಿದ್ದಿತು. ಮೂರನೆಯ ವಾರದಲ್ಲಿ ಅವನು ಮನೆಗೆ ಬಂದನು. ಜ್ವರವಿಲ್ಲ, ಹಸಿವು ಹುಟ್ಟಿದೆ, ಮಾತು ಬಂದಿದೆ. ಆದರೆ ಬರುವ ಮುನ್ನ ತೆಗೆದ ಚಿತ್ರದಲ್ಲಿ ಮಬ್ಬು ಮೊದಲಿಗಿಂತ ಅಗಲವಾಗಿಯೇ ಕಾಣುತ್ತದೆ! ಹೆಂಡತಿಯು ಹೌಹಾರಿದಳು, ಮಗನು ಇನ್ನೊಂದು ಊರಿಗೆ ಕರೆದೊಯ್ಯಲು ಸಾಲವನ್ನು ಹುಡುಕಲು ಹೊರಟನು.

ಇಲ್ಲಿಯೇ ತಿಳಿಯಬೇಕಾದ ಮುಖ್ಯ ಸಂಗತಿಯು ಇರುವುದು. ಗಟ್ಟಿಯಾಗಿ ಸೇರಿದ್ದ ಬಿಳುಪು ಕರಗುವಾಗ ತೆಳು ಮಬ್ಬಾಗಿ ಹರಡಿಕೊಳ್ಳುತ್ತದೆ. ಅಂಟಾದ ಬೆಲ್ಲದ ಗಟ್ಟಿಯು ನೀರಿನಲ್ಲಿ ಕರಗುವಾಗ ಪಾತ್ರೆಯ ನೀರೆಲ್ಲವೂ ಬಣ್ಣವೇರುವಂತೆ ಇದು. ಬಣ್ಣವು ಹರಡಿತೆಂದು ಗಟ್ಟಿಯು ದೊಡ್ಡದಾಯಿತೆಂದು ಯಾರೂ ಹೇಳುವುದಿಲ್ಲ. ಅಗಲವು ಹೆಚ್ಚಿ ದಟ್ಟಣೆಯು ಕಡಿಮೆಯಾಗಿದ್ದರೆ, ರೋಗಿಯ ಉಸಿರೂ ಸುಧಾರಿಸಿದ್ದರೆ, ಅದು ಗುಣವಾಗುವುದರ ಲಕ್ಷಣವೇ ಆಗಿದೆ. ಚಿತ್ರವು ರೋಗಿಯ ಹಿಂದೆ ಹಿಂದೆ ನಡೆಯುತ್ತದೆ, ಮುಂದೆ ನಡೆಯುವುದಿಲ್ಲ. ಜ್ವರವು ವಾರಗಳಲ್ಲಿ ಹೋಗುತ್ತದೆ, ಛಾಯೆಯು ತಿಂಗಳುಗಳಲ್ಲಿ ಹೋಗುತ್ತದೆ.

ಏಕೆ ಇಷ್ಟು ಕಾಲವು? ಮನೆಗೆ ನೆರೆಯ ನೀರು ನುಗ್ಗಿತೆಂದು ಭಾವಿಸಿರಿ. ನೀರು ಇಳಿದ ಕೂಡಲೇ ಮನೆಯು ವಾಸಕ್ಕೆ ಸಿದ್ಧವಾಗದು. ಕೆಸರನ್ನು ಎತ್ತಬೇಕು, ಗೋಡೆಯು ಒಣಗಬೇಕು, ಬಿದ್ದ ಗಾರೆಯನ್ನು ಮತ್ತೆ ಮೆತ್ತಬೇಕು. ಶ್ವಾಸಕೋಶದಲ್ಲಿಯೂ ಹಾಗೆಯೇ. ಸತ್ತ ಕಣಗಳನ್ನು ಬಿಳಿಯ ರಕ್ತಕಣಗಳು ತಿಂದು ತೆಗೆಯುತ್ತವೆ. ಸೇರಿದ ದ್ರವವು ಹೀರಿಹೋಗುತ್ತದೆ. ಗೂಡಿನ ಗೋಡೆಯಲ್ಲಿ ಉಳಿದುಕೊಂಡಿರುವ ಒಂದು ಜಾತಿಯ ಕಣಗಳು ಬೆಳೆದು ಹರಡಿ ಹೊಸ ಒಳಪೊರೆಯನ್ನು ಹೊದಿಸುತ್ತವೆ. ಪೊರೆಯ ಅಡಿಗಟ್ಟು ಮುರಿಯದೆ ಇದ್ದರೆ ಗೋಡೆಯು ಮೊದಲಿನಂತೆಯೇ ಆಗುತ್ತದೆ. ಅಡಿಗಟ್ಟೇ ಮುರಿದಿದ್ದರೆ ಆ ಸ್ಥಳವನ್ನು ನಾರು ತುಂಬುತ್ತದೆ. ಚರ್ಮದ ಮೇಲೆ ಆಳವಾದ ಗಾಯವು ಕಲೆಯನ್ನು ಬಿಟ್ಟು ಮಾಯುವಂತೆ ಇದೂ ಒಂದು ಕಲೆ. ಚಿತ್ರದಲ್ಲಿ ಅದು ಎಳೆಎಳೆಯಾದ ಪಟ್ಟೆಗಳಾಗಿ, ಎದೆಪೊರೆಗೆ ಸಮಾನಾಂತರವಾದ ಗೆರೆಗಳಾಗಿ, ಕೆಲವೆಡೆ ಎಳೆದುಕೊಂಡು ಅಗಲವಾದ ಗಾಳಿಕೊಳವೆಗಳಾಗಿ ತೋರುತ್ತದೆ.

ಈ ಗೆರೆಗಳೆಲ್ಲವೂ ಶಾಶ್ವತವೆಂದು ತಿಳಿಯುವುದು ಎರಡನೆಯ ತಪ್ಪು. ಚೀನದ ವೂಹಾನ್ ಪಟ್ಟಣದಲ್ಲಿ ಕಠಿಣವಾದ ಕೋವಿಡ್‌ನಿಂದ ಬದುಕಿದ 114 ಮಂದಿಯನ್ನು ಆರು ತಿಂಗಳ ಮೇಲೆ ಮತ್ತೆ ಚಿತ್ರಿಸಿದರು. ನೂರಕ್ಕೆ 38ರಷ್ಟು ಮಂದಿಯಲ್ಲಿ ಛಾಯೆಯು ಪೂರ್ತಿಯಾಗಿ ಹೋಗಿದ್ದಿತು. ನೂರಕ್ಕೆ 35ರಷ್ಟು ಮಂದಿಯಲ್ಲಿ ನಾರನ್ನು ಹೋಲುವ ಗೆರೆಗಳಿದ್ದವು. ಉಳಿದವರಲ್ಲಿ ತೆಳು ಮಬ್ಬು ಇದ್ದಿತು. "ನಾರನ್ನು ಹೋಲುವ" ಎಂಬ ಎಚ್ಚರಿಕೆಯ ಮಾತನ್ನು ಗಮನಿಸತಕ್ಕದ್ದು. ನಾರೆಂದು ಕಂಡ ಗೆರೆಗಳಲ್ಲಿಯೂ ಕೆಲವು ಮುಂದೆ ಕರಗುತ್ತವೆಂಬುದನ್ನು ವೈದ್ಯರು ಕಂಡರು. ಇದಕ್ಕೂ ಹಿಂದೆ, 2003ರಲ್ಲಿ, ಸಾರ್ಸ್ ಎಂಬ ಇದೇ ವಂಶದ ರೋಗವು ಬಂದಿದ್ದಿತು. ಬೀಜಿಂಗಿನಲ್ಲಿ ರೋಗಿಗಳ ಸೇವೆಯನ್ನು ಮಾಡುತ್ತ ಆ ರೋಗಕ್ಕೆ ಸಿಕ್ಕಿದ ಆಸ್ಪತ್ರೆಯ ಕೆಲಸಗಾರರನ್ನು 15 ವರ್ಷಗಳ ಕಾಲ, 2018ರ ತನಕ, ಪರೀಕ್ಷಿಸುತ್ತ ಬಂದರು. ಛಾಯೆಯು ಮೊದಲ ಒಂದು ವರ್ಷದಲ್ಲಿ ಬೇಗ ಬೇಗ ಕಡಿಮೆಯಾಯಿತು; ಆ ಮೇಲೆ ಉಳಿದುದು ಹೆಚ್ಚು ಕಡಿಮೆ ಹಾಗೆಯೇ ನಿಂತಿತು. ಇದರಿಂದ ತಿಳಿಯುವುದೇನೆಂದರೆ, ಮೊದಲ ವರ್ಷವೇ ಚೇತರಿಕೆಯ ಕಾಲವು. ಅದನ್ನು ಭಯದಲ್ಲಿಯಾಗಲಿ ಉದಾಸೀನತೆಯಲ್ಲಿಯಾಗಲಿ ಕಳೆಯಬಾರದು.

ಮತ್ತೆ ಆ ಒಕ್ಕಲಿಗನ ಬಳಿಗೆ ಬರುವುದಾದರೆ, ಮೂರು ತಿಂಗಳ ಮೇಲೆ ಅವನ ಎಕ್ಸ್‌ರೇಯು ಬಹುಮಟ್ಟಿಗೆ ತಿಳಿಯಾಯಿತು. ಮನೆಯವರು ಸಂತೋಷಪಟ್ಟರು. ಆದರೆ ಅವನು ಕಾಲುವೆಯ ಏರಿಯನ್ನು ಹತ್ತುವಾಗ ಎರಡು ಸಾರಿ ನಿಲ್ಲಬೇಕಾಯಿತು. "ಚಿತ್ರವೇ ಸರಿಯಾಯಿತಲ್ಲ, ಇನ್ನೇನು ನೆಪ?" ಎಂದು ನೆರೆಯವರು ನಕ್ಕರು. ಇದು ಮೂರನೆಯ ತಪ್ಪು, ಮೂರರಲ್ಲಿಯೂ ಕ್ರೂರವಾದುದು. ಚಿತ್ರವು ಶ್ವಾಸಕೋಶದ ಆಕಾರವನ್ನು ತೋರಿಸುತ್ತದೆ, ಕೆಲಸವನ್ನು ತೋರಿಸುವುದಿಲ್ಲ. ಗೋಡೆಯು ತುಸು ದಪ್ಪವಾಗಿ ಉಳಿದಿದ್ದರೆ ಆಮ್ಲಜನಕವು ದಾಟುವುದು ನಿಧಾನವಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿದ್ದರೆ ಅದು ಸಾಮಾನ್ಯ ಚಿತ್ರದಲ್ಲಿ ಕಾಣದು, ವಾರಗಟ್ಟಲೆ ಮಲಗಿದವನ ತೊಡೆಯ, ಎದೆಯ ಮಾಂಸವು ಕರಗಿರುತ್ತದೆ, ಹೃದಯವೂ ಬಳಲಿರಬಹುದು. ಬಿಳುಪಿದ್ದರೂ ನೆಮ್ಮದಿಯಾಗಿ ನಡೆಯುವವರುಂಟು. ಕಪ್ಪಾಗಿ ತಿಳಿಯಾದರೂ ಏದುವವರುಂಟು. ಆದುದರಿಂದ ಏದುವವನನ್ನು ಸೋಮಾರಿಯೆಂದು ಕರೆಯುವುದು ಅವಿವೇಕವು. ಕಾಯಕವನ್ನು ಬಿಟ್ಟು ಕುಳಿತಿರುವುದರ ದುಃಖವು ಅವನಿಗೇ ಎಲ್ಲರಿಗಿಂತ ಹೆಚ್ಚು.

ಈ ಸೀಮೆಗೆ ವಿಶೇಷವಾಗಿ ಸಂಬಂಧಪಟ್ಟ ಇನ್ನೊಂದು ಮಾತು ಉಂಟು. ಸಂಡೂರಿನ ಗಣಿಗಳಲ್ಲಿ ಬಹುಕಾಲ ದುಡಿದವರ ಶ್ವಾಸಕೋಶದಲ್ಲಿ ಅದಿರಿನ ಧೂಳಿನ ಗುರುತುಗಳು ಇರಬಹುದು. ಎಂದೋ ಬಂದು ಹೋದ ಕ್ಷಯವು ಮೇಲಿನ ಹಾಲೆಗಳಲ್ಲಿ ಕಲೆಯನ್ನು ಬಿಟ್ಟಿರಬಹುದು. ಬೀಡಿಯ ಹೊಗೆಯೂ ಒಲೆಯ ಹೊಗೆಯೂ ತಮ್ಮ ಪಾಲನ್ನು ಸೇರಿಸಿರುತ್ತವೆ. ಹೊಸ ಜ್ವರದ ಮೇಲೆ ಚಿತ್ರವನ್ನು ನೋಡಿದಾಗ ಇವೆಲ್ಲವೂ ಒಟ್ಟಿಗೆ ಕಾಣುತ್ತವೆ. ಯಾವುದು ಹಳೆಯ ಕಲೆ, ಯಾವುದು ಹೊಸ ಛಾಯೆ ಎಂದು ಬೇರ್ಪಡಿಸುವ ಅತ್ಯುತ್ತಮ ಸಾಧನವು ಹಳೆಯ ಚಿತ್ರವೇ. ಹೊಲದ ಪಟ್ಟೆಯನ್ನೂ ಮಗಳ ಮದುವೆಯ ಲೆಕ್ಕವನ್ನೂ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವ ಗೃಹಸ್ಥರು ಎದೆಯ ಚಿತ್ರವನ್ನು ಮಾತ್ರ ಜಂತಿಯ ಸಂದಿಗೆ ಸಿಕ್ಕಿಸಿ ಮರೆಯುತ್ತಾರೆ. ಆ ಹಾಳೆಯನ್ನೂ ವರದಿಯನ್ನೂ ತಾರೀಖಿನ ಸಮೇತ ಕಾದಿಡಬೇಕು. ಎರಡು ಚಿತ್ರಗಳು ಪಕ್ಕಪಕ್ಕದಲ್ಲಿದ್ದರೆ ವೈದ್ಯನಿಗೆ ಹತ್ತು ಮಾತುಗಳನ್ನು ಹೇಳಿದಂತೆ.

ಹಾಗಾದರೆ ಗುಣವಾಗುತ್ತಿರುವವನು ಮಾಡತಕ್ಕದ್ದೇನು? ಮೊದಲನೆಯದು, ಭಯಕ್ಕಾಗಿ ಪದೇಪದೇ ಸಿ.ಟಿ.ಯನ್ನು ತೆಗೆಸಬಾರದು. ಒಂದು ಸಾಮಾನ್ಯ ಸಿ.ಟಿ.ಯಿಂದ ಶರೀರಕ್ಕೆ ತಗಲುವ ಕಿರಣವು ಒಂದು ಎದೆಯ ಎಕ್ಸ್‌ರೇಯಿಂದ ತಗಲುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು; ಹಣವೂ ಹಾಗೆಯೇ. ಕಠಿಣವಾಗಿ ಬಳಲಿದವರಿಗೆ ಸುಮಾರು ಹನ್ನೆರಡು ವಾರಗಳ ಮೇಲೆ ಒಂದು ಎಕ್ಸ್‌ರೇಯನ್ನು ತೆಗೆದು, ಅದರಲ್ಲಿ ಛಾಯೆಯು ಉಳಿದಿದ್ದರೆ ಅಥವಾ ಏದುಸಿರು ಹೋಗದಿದ್ದರೆ ಮಾತ್ರ ಸಿ.ಟಿ.ಗೂ ಉಸಿರಿನ ಪರೀಕ್ಷೆಗೂ ಹೋಗಬೇಕೆಂದು ಬ್ರಿಟಿಷ್ ಶ್ವಾಸಕೋಶವೈದ್ಯರ ಸಂಘವು ವಿಧಿಸಿದ ಕ್ರಮವು ವಿವೇಕಯುತವಾದುದು.

ಎರಡನೆಯದು, ಯಂತ್ರಕ್ಕಿಂತ ಮೊದಲು ಶರೀರವನ್ನೇ ಕೇಳಬೇಕು. ಸಮನೆಲದ ಮೇಲೆ ಆರು ನಿಮಿಷ ನಡೆದು, ಎಷ್ಟು ದೂರ ಹೋದನೆಂಬುದನ್ನೂ ಬೆರಳಿಗೆ ಹಾಕಿದ ಆಕ್ಸಿಮೀಟರಿನ ಅಂಕೆಯು ಎಷ್ಟು ಇಳಿಯಿತೆಂಬುದನ್ನೂ ಬರೆದಿಡುವುದು ಸುಲಭವಾದ ಪರೀಕ್ಷೆಯು. ಅಂಕೆಯು ನಾಲ್ಕರಷ್ಟು ಅಥವಾ ಹೆಚ್ಚು ಕುಸಿದರೆ ವೈದ್ಯನಿಗೆ ತಿಳಿಸತಕ್ಕದ್ದು. ಕಡಿಮೆಯಾಗಿದ್ದ ಏದುಸಿರು ಮತ್ತೆ ಹೆಚ್ಚಿದರೆ, ಎದೆ ನೋವಾದರೆ, ಒಂದೇ ಕಾಲು ಬಾತರೆ, ಕಫದಲ್ಲಿ ರಕ್ತವು ಬಿದ್ದರೆ ಒಂದು ದಿನವೂ ತಡೆಯಬಾರದು.

ಮೂರನೆಯದು, ಔಷಧದ ವಿಷಯದಲ್ಲಿ ಸ್ವಂತ ಬುದ್ಧಿಯನ್ನು ಓಡಿಸಬಾರದು. ಸ್ಟಿರಾಯ್ಡ್ ಔಷಧವು ಸರಿಯಾದ ಕಾಲದಲ್ಲಿ ಪ್ರಾಣವನ್ನು ಉಳಿಸಿತು. ಚೀಟಿಯಿಲ್ಲದೆ ವಾರಗಟ್ಟಲೆ ನುಂಗಿದಾಗ ಸಕ್ಕರೆಯನ್ನು ಏರಿಸಿ 2021ರಲ್ಲಿ ಕಪ್ಪು ಶಿಲೀಂಧ್ರವೆಂಬ ಭಯಂಕರ ರೋಗಕ್ಕೆ ದಾರಿಯನ್ನು ಮಾಡಿಕೊಟ್ಟಿತು. ಛಾಯೆಯು ಉಳಿದಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಮುಂದುವರಿಸುವುದೂ ತಪ್ಪು, ವೈದ್ಯನು ಹೇಳದೆ ನಡುವೆ ಬಿಟ್ಟುಬಿಡುವುದೂ ತಪ್ಪು.

ನಾಲ್ಕನೆಯದು ಕಾಯಕಕ್ಕೆ ಮರಳುವ ಕ್ರಮವು. ಇಂದು ಮನೆಯ ಅಂಗಳ, ನಾಳೆ ಬೀದಿಯ ತುದಿ, ಬರುವ ವಾರ ಮಠದ ಬಾಗಿಲು, ಮುಂದಿನ ತಿಂಗಳು ಹೊಲ. ಹೀಗೆ ದಿನದಿನಕ್ಕೂ ತುಸು ತುಸು ಹೆಚ್ಚಿಸುತ್ತ ಹೋಗಬೇಕು. ಮಾತನಾಡುತ್ತ ನಡೆಯಲು ಸಾಧ್ಯವಾಗುವಷ್ಟೇ ವೇಗವು ಸಾಕು. ಬೀಡಿಯನ್ನು ಮತ್ತೆ ಮುಟ್ಟಕೂಡದು. ಧೂಳಿನ ಕೆಲಸಕ್ಕೆ ಅವಸರಪಡಬಾರದು.

ಆ ಒಕ್ಕಲಿಗನು ಹೀಗೆಯೇ ನಡೆದನೆಂದು ಭಾವಿಸಿರಿ. ಆರನೆಯ ತಿಂಗಳಿನಲ್ಲಿ ಅವನು ಏರಿಯನ್ನು ನಿಲ್ಲದೆ ಹತ್ತಿದನು. ವರ್ಷವು ತುಂಬಿದಾಗ ತೆಗೆದ ಚಿತ್ರದಲ್ಲಿ ಎಡಗಡೆಯ ಕೆಳಹಾಲೆಯ ಅಂಚಿನಲ್ಲಿ ಎರಡು ಸಣ್ಣ ಗೆರೆಗಳು ಉಳಿದಿದ್ದವು. ಅವು ಹಾಗೆಯೇ ಇರಬಹುದು. ಹೊಲದಲ್ಲಿ ಕುಡುಗೋಲು ತಾಗಿದ ಬೆರಳಿನ ಮೇಲೆ ಕಲೆಯಿದ್ದವನು ಆ ಬೆರಳಿನಿಂದಲೇ ಕೆಲಸವನ್ನು ಮಾಡುವುದಿಲ್ಲವೆ? ಇವೂ ಅಂತಹ ಕಲೆಗಳೇ. ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯಿತೆಂದು ಹೇಳಲಾಗದು. ಕೆಲವರ ಶ್ವಾಸಕೋಶವು ಬಹುಭಾಗ ನಾರುಗಟ್ಟಿತು, ಕೆಲವರು ಮನೆಯಲ್ಲಿಯೂ ಆಮ್ಲಜನಕದ ಆಸರೆಯಿಂದ ಬದುಕಬೇಕಾಯಿತು. ಅಂತಹವರಿಗೆ ಉಪದೇಶವು ಬೇಕಾಗಿಲ್ಲ. ಕೈಯಾಸರೆಯು ಬೇಕು, ಹೊಲದ ಕೆಲಸಕ್ಕೆ ನೆರೆಯವರ ಒಂದು ದಿನದ ದುಡಿಮೆಯು ಬೇಕು, ಆಸ್ಪತ್ರೆಗೆ ಕರೆದೊಯ್ಯುವ ಜೊತೆಗಾರನು ಬೇಕು. ದಾಸೋಹವೆಂದರೆ ಪ್ರಸಾದದ ಪಂಕ್ತಿಯೊಂದೇ ಅಲ್ಲ. ಏದುಸಿರಿನವನ ಹೆಜ್ಜೆಗೆ ಹೆಜ್ಜೆಯನ್ನು ಹೊಂದಿಸಿ ನಿಧಾನವಾಗಿ ನಡೆಯುವುದೂ ದಾಸೋಹವೇ.

ಕಡೆಯ ಮಾತು ಇಷ್ಟೆ. ಛಾಯಾಚಿತ್ರವು ಸತ್ಯವನ್ನೇ ಹೇಳುತ್ತದೆ, ಆದರೆ ಅರ್ಧ ಸತ್ಯವನ್ನು ಹೇಳುತ್ತದೆ. ಉಳಿದ ಅರ್ಧವನ್ನು ರೋಗಿಯ ನಡಿಗೆಯೂ, ಅವನ ಉಸಿರೂ, ಕಳೆದ ಕಾಲವೂ ಹೇಳಬೇಕು. ಮಬ್ಬನ್ನು ಕಂಡು ಧೈರ್ಯಗೆಡದೆ, ತಿಳಿಯನ್ನು ಕಂಡು ಎಚ್ಚರಗೆಡದೆ, ಕಾಯವನ್ನು ಕಾಯಕಕ್ಕೆ ಮರಳಿಸುವ ತಾಳ್ಮೆಯು ಎಲ್ಲ ಭಕ್ತರ ಮನೆಗಳಲ್ಲಿಯೂ ನೆಲೆಸಲಿ.